ಸಾಕಿದ ಪ್ರಾಣಿಯಿಂದ ಸಂಬಳ ಕೇಳಬೇಡಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕುಟುಂಬ ಸಮೇತರಾಗಿ ನಮ್ಮ ಮನೆಗೆ ಬಂದಿದ್ದರು. ಕುಶಲ ಪ್ರಶ್ನೆಗಳೆಲ್ಲ ಮುಗಿದು ಕಾಫಿಯ ಲೋಟ ಕೈಗೆ ಬಂದ ಮೇಲೆ, ತಮ್ಮ ಮನೆಯ ಲ್ಯಾಬ್ರಡಾರ್ ನಾಯಿಯ ಚಿತ್ರಗಳನ್ನು ಫೋನಿನಲ್ಲಿ ತೋರಿಸಿದರು. ಎರಡು ವರ್ಷದ ಹೆಣ್ಣುನಾಯಿ. ಕಣ್ಣಿನಲ್ಲಿ ಕಳೆಯಿದೆ, ಮೈಯಲ್ಲಿ ಹೊಳಪಿದೆ. ನಾನು ಮೆಚ್ಚಿಕೊಂಡೆ. ಆಗ ಅವರು ಹೆಮ್ಮೆಯಿಂದ ಹೇಳಿದರು: "ಸಾರ್, ತಿಂಗಳಿಗೆ ನಾಲ್ಕು ಸಾವಿರ ತಿನ್ನುತ್ತಾಳೆ. ಅದಕ್ಕೇ ಈ ಸಲ ಮರಿ ಹಾಕಿಸಬೇಕೆಂದಿದ್ದೇವೆ. ಏಳು ಮರಿಯಾದರೆ ಸಾಕು, ಇನ್ನು ಮುಂದೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತಾಳೆ." ಪಕ್ಕದಲ್ಲಿ ಕುಳಿತಿದ್ದ ಅವರ ಮಗಳು, ನಾಲ್ಕನೆಯ ತರಗತಿಯ ಹುಡುಗಿ, ತಲೆಯೆತ್ತಿ "ಎಲ್ಲ ಮರೀನೂ ಮಾರಿಬಿಡ್ತೀವಾ ಅಪ್ಪಾ?" ಎಂದು ಕೇಳಿದಳು. ಅಪ್ಪ ನಕ್ಕು ಮಾತು ಬದಲಿಸಿದರು. ನಾನೂ ಸುಮ್ಮನಿದ್ದೆ.

ಸುಮ್ಮನಿದ್ದುದು ತಪ್ಪು. ಅತಿಥಿಗಳ ಮುಂದೆ ವಾದ ಮಾಡಬಾರದೆಂಬ ಸಂಕೋಚ ನನ್ನ ಬಾಯಿ ಕಟ್ಟಿತು. ಆದರೆ ಆ ಹುಡುಗಿಯ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಆಮೇಲೆ ಆ ಶಿಷ್ಯರಿಗೆ ದೂರವಾಣಿ ಮಾಡಿ, ನಾನು ಹೇಳಬೇಕೆಂದಿದ್ದುದನ್ನೆಲ್ಲ ಹೇಳಿ, ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಈ ವಿಚಾರ ಅವರೊಬ್ಬರದಲ್ಲ. ನಮ್ಮ ಬಂಧುಗಳ ಮನೆಗಳಲ್ಲಿ, ನಿಮ್ಮಲ್ಲಿ ಅನೇಕರ ಮನೆಗಳಲ್ಲಿ, ಇದೇ ಮಾತನ್ನು ಬೇರೆ ಬೇರೆ ರೂಪಗಳಲ್ಲಿ ಕೇಳಿದ್ದೇನೆ. ನಾಯಿಯಾದರೆ ನಾಯಿ, ಪರ್ಷಿಯನ್ ಬೆಕ್ಕಾದರೆ ಬೆಕ್ಕು, ಪಂಜರದ ಹಕ್ಕಿಯಾದರೆ ಹಕ್ಕಿ. "ಹವ್ಯಾಸಕ್ಕೆ ಹವ್ಯಾಸವೂ ಆಯಿತು, ಖರ್ಚಿಗೆ ಖರ್ಚೂ ಗಿಟ್ಟಿತು" ಎಂಬುದು ಈ ಮಾತಿನ ಸಾರ. ಕೇಳುವುದಕ್ಕೆ ಬಹಳ ಜಾಣತನದ ಮಾತು. ನನ್ನ ಮಟ್ಟಿಗೆ ಅದು ತಪ್ಪು ಲೆಕ್ಕ, ಮತ್ತು ತಪ್ಪು ನಡತೆ. ಎರಡನ್ನೂ ತೋರಿಸಿಕೊಡಲು ಪ್ರಯತ್ನಿಸುತ್ತೇನೆ.

ಮೊದಲು ನನ್ನ ಅಪರಾಧವನ್ನೇ ಹೇಳಿಬಿಡುತ್ತೇನೆ. ಇತರರಿಗೆ ಬುದ್ಧಿ ಹೇಳುವ ಹಕ್ಕು ಅದರಿಂದಲೇ ಬರಬೇಕಾಗಿದೆ.

1986ರಲ್ಲಿ ನಾನು ತಿಪಟೂರಿನಲ್ಲಿದ್ದೆ. ಮಗಳಿಗೆ ಆಗ ಒಂಬತ್ತು ವರ್ಷ. ಅವಳ ಹಟಕ್ಕೆ ಮಣಿದು ಬೆಂಗಳೂರಿನ ಶಿವಾಜಿನಗರದಿಂದ ಎರಡು ಜೊತೆ ಲವ್ ಬರ್ಡ್ಸ್ ತಂದೆ. ನಮ್ಮಲ್ಲಿ ಎಲ್ಲರೂ ಹಾಗೆ ಕರೆಯುವ ಈ ಹಕ್ಕಿಯ ನಿಜವಾದ ಹೆಸರು ಬಜರಿಗರ್; ಆಸ್ಟ್ರೇಲಿಯದ ಪುಟ್ಟ ಗಿಳಿ. ಹಸಿರು ಮೈಯ, ಹಳದಿ ಮುಖದ ಹೆಣ್ಣೊಂದಕ್ಕೆ ಮಗಳು 'ಹಸಿರಮ್ಮ' ಎಂದು ಹೆಸರಿಟ್ಟಳು. ಬಡಗಿಯೊಬ್ಬರು ಮರದ ಚೌಕಟ್ಟಿಗೆ ಜಾಲರಿ ಬಡಿದು ಪಂಜರ ಮಾಡಿಕೊಟ್ಟರು. ಕುಂಬಾರರಿಂದ ಎರಡು ಕುಡಿಕೆ ತಂದು, ಪಕ್ಕದಲ್ಲಿ ತೂತು ಮಾಡಿಸಿ, ಗೂಡಿಗೆಂದು ಪಂಜರದೊಳಗೆ ತೂಗುಹಾಕಿದೆ.

ಆರು ತಿಂಗಳಲ್ಲಿ ಹಕ್ಕಿಗಳು ಮರಿ ಮಾಡಿದವು. ಈ ಹಕ್ಕಿ ಒಂದು ದಿನ ಬಿಟ್ಟು ಒಂದು ದಿನ ಮೊಟ್ಟೆಯಿಡುತ್ತದೆ. ಒಂದು ಸಲಕ್ಕೆ ನಾಲ್ಕರಿಂದ ಆರು. ಹದಿನೆಂಟು ದಿನದ ಕಾವು. ಸುಮಾರು ಐದು ವಾರಕ್ಕೆ ಮರಿ ಗೂಡಿನಿಂದ ಹೊರಗೆ. ಮೊದಲ ಮರಿಗಳು ಹೊರಬಂದಾಗ ಮನೆಯೆಲ್ಲ ಹಬ್ಬದಂತಿತ್ತು. ಎರಡನೆಯ ಸಲದ ಹೊತ್ತಿಗೆ ನನ್ನೊಳಗಿನ ಗಣಿತದ ಮೇಷ್ಟ್ರು ಎಚ್ಚರಗೊಂಡರು. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಖರ್ಚು, ಬಲಗಡೆ ಜಮಾ ಎಂದು ಗೆರೆ ಎಳೆದೆ. ನವಣೆಯ ದುಡ್ಡನ್ನು ಮರಿಗಳೇ ದುಡಿಯಲಿ ಎಂದು ತೀರ್ಮಾನಿಸಿದೆ.

ಮರಿಗಳನ್ನು ಯಾರಿಗೆ ಮಾರಿದೆ ಎಂದು ಕೇಳುತ್ತೀರಾ? ನಾಚಿಕೆಯಿಂದಲೇ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳ ತಂದೆತಾಯಿಯರಿಗೆ ಮಾರಿದೆ. "ನಿಮ್ಮ ಹುಡುಗನಿಗೆ ಹಕ್ಕಿಯೆಂದರೆ ಬಹಳ ಇಷ್ಟವಂತೆ" ಎಂದು ಒಂದು ಮಾತು ಹಾಕಿದರೆ ಸಾಕಾಗಿತ್ತು. ಮೇಷ್ಟ್ರು ಕೇಳಿದರೆ ಇಲ್ಲವೆನ್ನಲಾದೀತೇ? ಕೊಬ್ಬರಿ ಮಂಡಿಯಲ್ಲಿ ಕೂಲಿ ಮಾಡುತ್ತಿದ್ದ ಒಬ್ಬರು, ಮಗನ ಕೈಯಲ್ಲಿ ದುಡ್ಡು ಕಳುಹಿಸಿ, ಒಂದು ಜೊತೆ ಮರಿಯನ್ನು ಬುಟ್ಟಿಯಲ್ಲಿ ತರಿಸಿಕೊಂಡರು. ಅವರ ಮನೆಯಲ್ಲಿ ಪಂಜರವಿತ್ತೇ, ಹಕ್ಕಿಗೆ ಏನು ಹಾಕಬೇಕೆಂದು ಅವರಿಗೆ ಗೊತ್ತಿತ್ತೇ, ಯಾವುದನ್ನೂ ನಾನು ವಿಚಾರಿಸಲಿಲ್ಲ. ಹದಿನೈದು ದಿನದ ಮೇಲೆ ಆ ಹುಡುಗ "ಸಾರ್, ಎರಡೂ ಸತ್ತುಹೋದವು, ಬೆಕ್ಕು ಹಿಡೀತು" ಎಂದ. ದುಡ್ಡನ್ನು ಹಿಂದಿರುಗಿಸಬೇಕೆಂದು ನನಗೆ ಹೊಳೆಯಲಿಲ್ಲ. ಜಮಾ ಆದ ಹಣ ಜಮಾ ಆಗಿಯೇ ಉಳಿಯಿತು.

ಈ ಹಕ್ಕಿಗಳಿಗೆ ಕುಡಿಕೆ ಕಾಣುತ್ತಿರುವ ತನಕ ಮೊಟ್ಟೆಯಿಡುವ ಹುರುಪು ತಗ್ಗುವುದಿಲ್ಲ. ವರ್ಷಕ್ಕೆ ಎರಡು ಸಲವಾದ ಮೇಲೆ ಗೂಡನ್ನು ತೆಗೆದಿಟ್ಟು ಹೆಣ್ಣಿಗೆ ವಿಶ್ರಾಂತಿ ಕೊಡಬೇಕು. ಸುಣ್ಣದ ಅಂಶಕ್ಕಾಗಿ ಕಡಲ ನೊರೆಯನ್ನು ಪಂಜರಕ್ಕೆ ಸಿಕ್ಕಿಸಿಡಬೇಕು. ಹೀಗೆಂದು ತಿಳಿದವರೊಬ್ಬರು ನನಗೆ ಹೇಳಿಯೂ ಇದ್ದರು. ನಾನು ಕುಡಿಕೆ ತೆಗೆಯಲಿಲ್ಲ, ಏಕೆಂದರೆ ನೋಟ್‌ಬುಕ್ಕಿನ ಬಲಗಡೆ ಚೆನ್ನಾಗಿ ತುಂಬುತ್ತಿತ್ತು. ಕಡಲ ನೊರೆ ತಿಪಟೂರಿನಲ್ಲಿ ಸಿಗಲಿಲ್ಲವೆಂದು ಬಿಟ್ಟುಬಿಟ್ಟೆ. 1988ರ ಬೇಸಿಗೆಯಲ್ಲಿ, ಐದನೆಯ ಸಲದ ಮೊಟ್ಟೆಯ ಹೊತ್ತಿಗೆ, ಹಸಿರಮ್ಮ ಪಂಜರದ ತಳದಲ್ಲಿ ಗರಿ ಉಬ್ಬಿಸಿಕೊಂಡು ಕುಳಿತಿತ್ತು. ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಮೊಟ್ಟೆ ಹೊರಬರದೆ ಒಳಗೇ ಸಿಕ್ಕಿಕೊಂಡಿತ್ತು. ಮೈಯಲ್ಲಿ ಸುಣ್ಣ ಬತ್ತಿದ ಹೆಣ್ಣುಹಕ್ಕಿಗೆ ಒದಗುವ ಕಷ್ಟ ಇದು. ಮಗಳು ಅದನ್ನು ಹತ್ತಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ ಕುಳಿತಿದ್ದಳು. ಬೆಳಗ್ಗೆ ಅದು ಇರಲಿಲ್ಲ.

ಮಗಳು ಅಳಲಿಲ್ಲ. ನನ್ನ ನೋಟ್‌ಬುಕ್ಕನ್ನು ತಂದು ಮುಂದಿಟ್ಟು, "ಇದರಲ್ಲಿ ಹಸಿರಮ್ಮನ್ನ ಎಲ್ಲಿ ಬರೀತೀಯಾ? ಖರ್ಚಿನಲ್ಲೋ, ಜಮಾದಲ್ಲೋ?" ಎಂದು ಕೇಳಿದಳು. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನಿಗೆ ಇಂದಿಗೂ ಉತ್ತರ ಬರೆಯಲಾಗದೆ ಉಳಿದಿರುವ ಪ್ರಶ್ನೆ ಅದೊಂದೇ.

ಆ ನೋಟ್‌ಬುಕ್ಕು ಈಗಲೂ ನನ್ನಲ್ಲಿದೆ. ಮೊನ್ನೆ ತೆಗೆದು ನೋಡಿದೆ. ಆರು ಹಕ್ಕಿಗಳಿದ್ದಾಗ ತಿಂಗಳಿಗೆ ತಗಲುತ್ತಿದ್ದ ನವಣೆ ಎರಡು ಕಿಲೋಗಿಂತ ಕಡಿಮೆ. ಆಗಿನ ಬೆಲೆಯಲ್ಲಿ ಎಂಟು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ನನ್ನ ಸಂಬಳಕ್ಕೆ ಆ ಎಂಟು ರೂಪಾಯಿ ಭಾರವಾಗಿರಲಿಲ್ಲ. ಕೊರತೆಗಾಗಿ ನಾನು ಮರಿ ಮಾರಲಿಲ್ಲ. 'ಪುಕ್ಕಟೆಯಾಗಿ ಸಾಕುತ್ತಿದ್ದೇನೆ' ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಬಡಾಯಿಗಾಗಿ ಮಾರಿದೆ. ಇನ್ನೊಂದು ಸಂಗತಿಯೂ ಆ ಪುಟಗಳಲ್ಲಿ ಎದ್ದು ಕಾಣುತ್ತದೆ. ದಿನವೂ ಪಂಜರ ತೊಳೆದು, ನೀರು ಬದಲಿಸಿ, ಹೊಟ್ಟು ಗುಡಿಸಿದವಳು ನನ್ನ ಹೆಂಡತಿ. ಅವಳ ದುಡಿಮೆಗೆ ಎಡಗಡೆಯಲ್ಲಿ ಒಂದು ಸಾಲೂ ಇಲ್ಲ. ಲೆಕ್ಕ 'ಗಿಟ್ಟಿದ್ದು' ಹೀಗೆ: ಒಬ್ಬಳ ಬೆವರನ್ನೂ ಒಂದು ಹಕ್ಕಿಯ ಜೀವವನ್ನೂ ಬರೆಯದೆ ಬಿಟ್ಟದ್ದರಿಂದ.

ಇದು ಹಕ್ಕಿಯ ಕಥೆ, ನಾಯಿಯ ಮಾತು ಬೇರೆ ಎನ್ನಬಹುದು. ಹಾಗಾದರೆ ಕಪ್ಪುಹಲಗೆಯ ಮುಂದೆ ನಿಂತು ನಾಯಿಯ ಲೆಕ್ಕವನ್ನೇ ಮಾಡೋಣ. ನನ್ನ ಶಿಷ್ಯರು ಹೇಳಿದ ಅಂಕಿಗಳನ್ನೇ ಹಿಡಿಯುತ್ತೇನೆ. ಅವರು ಹೇಳದಿದ್ದ ಬಾಬುಗಳಿಗೆ ನನಗೆ ನ್ಯಾಯವೆಂದು ತೋರಿದ ಅಂದಾಜನ್ನು ಹಾಕುತ್ತೇನೆ. ನಿಮ್ಮ ಊರಿನ ದರ ಬೇರೆಯಿದ್ದರೆ ಅಂಕಿ ಬದಲಿಸಿಕೊಳ್ಳಿ. ಲೆಕ್ಕದ ಮಾರ್ಗ ಬದಲಾಗದು.

ತಿಂಗಳಿಗೆ 4,000 ರೂಪಾಯಿಯಂತೆ ವರ್ಷಕ್ಕೆ 48,000. ಏಳು ಮರಿ, ತಲಾ 12,000 ಎಂದರೆ 84,000. ಇಲ್ಲಿಗೇ ನಿಲ್ಲಿಸಿದರೆ ಲಾಭ ಕಣ್ಣಿಗೆ ಕಾಣುತ್ತದೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಹೋಗೋಣ. ಗಂಡುನಾಯಿಯ ಮಾಲೀಕರಿಗೆ ಒಂದು ಮರಿ ಕೊಡುವುದು ರೂಢಿ. ಹತ್ತಿರದ ಬಂಧುಗಳಿಗೆ ಒಂದನ್ನು ಕೊಟ್ಟು ದುಡ್ಡು ಕೇಳಲಾಗದು. ಉಳಿದದ್ದು ಐದು, ಅಂದರೆ 60,000. ಬಸಿರಿನ ತಪಾಸಣೆಗೆ 3,000. ಹಾಲೂಡುವ ತಾಯಿಗೆ ಎಂದಿಗಿಂತ ಎರಡು ಮೂರು ಪಟ್ಟು ಆಹಾರ ಬೇಕು. ಅದಕ್ಕೆ ಹೆಚ್ಚುವರಿ 8,000. ನಾಲ್ಕನೆಯ ವಾರದಿಂದ ಎಂಟನೆಯ ವಾರದವರೆಗೆ ಏಳು ಮರಿಗಳ ಆಹಾರಕ್ಕೆ 10,000. ಜಂತುಹುಳದ ಔಷಧ ಮತ್ತು ಮೊದಲ ಲಸಿಕೆಗೆ ತಲಾ 1,200ರಂತೆ 8,400. ಒಟ್ಟು ಖರ್ಚು 29,400. ಕೈಗೆ ಉಳಿಯುವುದು 30,600. ಹೆರಿಗೆ ಕಷ್ಟವಾಗಿ ಶಸ್ತ್ರಚಿಕಿತ್ಸೆಯಾದರೆ, ಪಾರ್ವೋ ಎಂಬ ಮಾರಿ ಹೊಕ್ಕು ಎರಡು ಮರಿ ಹೋದರೆ, ಅದೂ ಇಲ್ಲ. ಬಸಿರಿನ ಸುಮಾರು 63 ದಿನ, ಬಾಣಂತನದ 56 ದಿನ, ಹೀಗೆ ನಾಲ್ಕು ತಿಂಗಳು ಮನೆಯಲ್ಲಿ ಯಾರು ರಾತ್ರಿ ಎದ್ದರು, ಯಾರು ನೆಲ ಒರೆಸಿದರು ಎಂಬ ಬಾಬು ಇನ್ನೂ ಬಂದೇ ಇಲ್ಲ.

ಈಗ ಕಾನೂನಿಗೆ ಬರೋಣ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಅಡಿಯಲ್ಲಿ 2017ರಲ್ಲಿ ಕೇಂದ್ರ ಸರಕಾರವು ನಾಯಿಗಳ ತಳಿ ಅಭಿವೃದ್ಧಿ ಮತ್ತು ಮಾರಾಟದ ನಿಯಮಗಳನ್ನು ಹೊರಡಿಸಿತು. ಮಾರಾಟಕ್ಕಾಗಿ ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಹೆಣ್ಣುನಾಯಿಗೆ ಹದಿನೆಂಟು ತಿಂಗಳು ತುಂಬುವ ಮೊದಲು ಮರಿ ಹಾಕಿಸುವಂತಿಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು. ಎಂಟು ವರ್ಷ ದಾಟಿದ ಮೇಲೆ ಕೂಡದು. ಇಡೀ ಆಯುಷ್ಯದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. "ನಾವೇನು ವ್ಯಾಪಾರಸ್ಥರೇ, ಮನೆಯಲ್ಲಿ ಒಂದು ನಾಯಿ ಇದೆ ಅಷ್ಟೆ" ಎನ್ನುವುದು ಸಬೂಬು. ಮರಿ ಮಾರಿ ನಾಯಿಯ ಖರ್ಚು ಗಿಟ್ಟಿಸಬೇಕೆಂದು ಹೊರಟ ಮನೆ, ಅಷ್ಟರ ಮಟ್ಟಿಗೆ, ವ್ಯಾಪಾರದ ಮನೆಯೇ.

ಈ ನಿಯಮಗಳನ್ನು ನಮ್ಮ ಲೆಕ್ಕಕ್ಕೆ ಜೋಡಿಸಿ. ಲ್ಯಾಬ್ರಡಾರ್ ಹನ್ನೆರಡು ವರ್ಷ ಬದುಕಿತೆಂದು ಹಿಡಿಯಿರಿ. ಸಾಕುವ ಖರ್ಚು 5,76,000. ಕಾನೂನು ಒಪ್ಪುವ ಐದು ಸೂಲುಗಳೂ ಯಾವ ವಿಘ್ನವೂ ಇಲ್ಲದೆ ಆದವೆಂದು ಹಿಡಿಯಿರಿ. ಬರುವ ಆದಾಯ 1,53,000. ಅಂದರೆ ಖರ್ಚಿನ ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಆ ನಾಯಿ ಐದು ಸಲ ಹೆತ್ತು, ಮೂವತ್ತೈದು ಮರಿಗಳನ್ನು ಕಣ್ಣೆದುರು ಕಳೆದುಕೊಂಡರೂ ತನ್ನ ಖರ್ಚಿನ ಮುಕ್ಕಾಲು ಭಾಗವನ್ನು ಯಜಮಾನನ ಮೇಲೆಯೇ ಬಿಟ್ಟು ಸಾಯುತ್ತದೆ. ಲೆಕ್ಕ ಸರಿಹೋಗಲೇಬೇಕೆಂದರೆ ಇರುವ ದಾರಿಗಳು ಎರಡೇ. ಒಂದು, ಕಾನೂನು ಮೀರಿ ವರ್ಷಕ್ಕೆ ಎರಡು ಸೂಲು ಹಾಕಿಸುವುದು. ಇನ್ನೊಂದು, ತಪಾಸಣೆ, ಲಸಿಕೆ, ಆಹಾರಗಳಲ್ಲಿ ಕತ್ತರಿ ಆಡಿಸುವುದು. ಎಂಟು ವಾರದ ಬದಲು ಐದನೆಯ ವಾರಕ್ಕೇ ಮರಿಯನ್ನು ದಾಟಿಸುವುದು. 'ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವ' ನಾಯಿಯ ಮನೆಯಲ್ಲಿ ಈ ಎರಡರಲ್ಲಿ ಒಂದಾದರೂ ನಡೆಯುತ್ತಿರಬೇಕು. ಇದು ನನ್ನ ಆರೋಪವಲ್ಲ, ಅಂಕಗಣಿತ.

ಮಾರುಕಟ್ಟೆಯ ಚಂಚಲತೆಯನ್ನೂ ಮರೆಯಬೇಡಿ. 2003ರಲ್ಲಿ ಹಚ್ ಮೊಬೈಲಿನ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡುವ ಪಗ್ ನಾಯಿಯನ್ನು ನೀವೆಲ್ಲ ನೋಡಿದ್ದೀರಿ. ಅದಾದ ಮೇಲೆ ಊರೂರಿನಲ್ಲಿ ಪಗ್‌ಗೆ ಬೇಡಿಕೆ ಬಂತು, ಬೆಲೆ ಏರಿತು. ಮರಿ ಮಾರಿ ಲಾಭ ಮಾಡಬಹುದೆಂದು ಅದನ್ನು ಸಾಕಿದವರನ್ನು ನಾನೇ ಬಲ್ಲೆ. ಚಪ್ಪಟೆ ಮೂಗಿನ ಆ ಪ್ರಾಣಿಗೆ ನಮ್ಮ ಬಿಸಿಲಿನಲ್ಲಿ ಉಸಿರಾಡುವುದೇ ಕಷ್ಟ. ಮರಿಗಳ ತಲೆ ದೊಡ್ಡದಾದ್ದರಿಂದ ಹೆರಿಗೆಯೂ ಕಷ್ಟ. ಜಾಹೀರಾತು ಹಳೆಯದಾಯಿತು, ಜನರ ಕಣ್ಣು ಬೇರೆ ತಳಿಯ ಮೇಲೆ ಬಿತ್ತು. ಷೇರಿನ ಬೆಲೆ ಇಳಿದರೆ ಕಾಗದ ಕಪಾಟಿನಲ್ಲಿರುತ್ತದೆ. ಮರಿಯ ಬೆಲೆ ಇಳಿದರೆ ಮರಿ ಎಲ್ಲಿರಬೇಕು? ನಮ್ಮ ಊರುಗಳ ಹೊರವಲಯದಲ್ಲಿ ಕೊರಳಪಟ್ಟಿಯ ಗುರುತಿನ್ನೂ ಮಾಸದ ಜಾತಿನಾಯಿಗಳು ಅಲೆಯುವುದನ್ನು ಕಂಡವರಿಗೆ ಉತ್ತರ ಗೊತ್ತಿದೆ.

ಇಷ್ಟು ಹೇಳಿದಾಗ ನನಗೆ ಬರುವ ಆಕ್ಷೇಪಣೆಗಳು ನಾಲ್ಕು.

ಮೊದಲನೆಯದು ತೂಕವುಳ್ಳದ್ದು. "ನಮ್ಮ ಹಿರಿಯರು ಸಾಕಿದ ಯಾವ ಪ್ರಾಣಿ ದುಡಿಯದೆ ತಿಂದಿತು? ಹಸು ಹಾಲು ಕೊಟ್ಟಿತು, ಎತ್ತು ಉತ್ತಿತು, ಕೋಳಿ ಮೊಟ್ಟೆಯಿಟ್ಟಿತು, ನಾಯಿ ಹೊಲ ಕಾಯಿತು. ಲೆಕ್ಕ ನೋಡುವುದು ಈಗ ಮಾತ್ರ ಪಾಪವಾಯಿತೇ?" ಆಗಲಿಲ್ಲ. ಅದು ಬೇಸಾಯ, ಅಲ್ಲಿ ಮನುಷ್ಯನೂ ಪ್ರಾಣಿಯೂ ಒಂದೇ ನೊಗಕ್ಕೆ ಹೆಗಲು ಕೊಟ್ಟವರು. ಎತ್ತಿನ ದುಡಿಮೆಯನ್ನು ರೈತ ಮುಚ್ಚಿಡಲಿಲ್ಲ. ಕಾರಹುಣ್ಣಿಮೆಯಂದು ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಅಂದು ನೊಗಕ್ಕೆ ಹೂಡದೆ, ಋಣವನ್ನು ಎಲ್ಲರೆದುರು ಒಪ್ಪಿಕೊಂಡ. ನಾವೋ, 'ಇವಳು ನಮ್ಮ ಮನೆಯ ಮಗಳು' ಎಂದು ಹುಟ್ಟುಹಬ್ಬಕ್ಕೆ ಟೊಪ್ಪಿ ತೊಡಿಸಿ ಫೋಟೋ ತೆಗೆಯುತ್ತೇವೆ. ಮಾರನೆಯ ದಿನ ಆ ಮಗಳ ಬಸಿರಿಗೆ ಬೆಲೆ ಕಟ್ಟುತ್ತೇವೆ. ದುಡಿಸಿಕೊಳ್ಳುವುದಕ್ಕಿಂತ ಈ ಎರಡು ನಾಲಿಗೆಯೇ ನನಗೆ ಹೆಚ್ಚು ಹೇಸಿಗೆಯೆನಿಸುತ್ತದೆ.

ನಾಯಿಯನ್ನು ಬೆಳೆಸಿಯೇ ಬದುಕುವವರೂ ನಮ್ಮಲ್ಲಿದ್ದಾರೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಸುತ್ತಮುತ್ತ ಅನೇಕ ಕುಟುಂಬಗಳಿಗೆ ಮುಧೋಳ ನಾಯಿಯ ಮರಿಗಳು ಜೀವನಕ್ಕೊಂದು ಆಧಾರ. 2005ರಲ್ಲಿ ಅಂಚೆ ಇಲಾಖೆ ಆ ತಳಿಯ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಅಲ್ಲಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ನನ್ನ ವಾದ ಅವರ ಮೇಲಲ್ಲ. ಅದು ವೃತ್ತಿ. ತಾಯಿಯ ತಾಯಿ ಯಾವುದು, ತಂದೆಯ ಓಟ ಹೇಗಿತ್ತು, ಯಾವ ಜೋಡಿ ಕೂಡದು ಎಂಬ ತಿಳಿವಳಿಕೆ ವೃತ್ತಿಗೆ ಬೇಕು. ಕೆಟ್ಟ ಮರಿ ಕೊಟ್ಟರೆ ಹೆಸರು ಹೋಗುತ್ತದೆಂಬ ಹೆದರಿಕೆ ಬೇಕು. ವೃತ್ತಿಯವನಿಗೆ ಹೊಣೆಯಿದೆ. ನಿಜವಾದ ಹವ್ಯಾಸಿಗೆ ಔದಾರ್ಯವಿದೆ. ತನ್ನ ಸಂತೋಷಕ್ಕೆ ತಾನೇ ಬೆಲೆ ತೆರುತ್ತಾನೆ. ಇವೆರಡರ ನಡುವೆ ನಿಂತ 'ಖರ್ಚು ಗಿಟ್ಟಿಸುವ ಹವ್ಯಾಸಿ'ಗೆ ವೃತ್ತಿಯ ಹೊಣೆಯೂ ಇಲ್ಲ, ಹವ್ಯಾಸದ ಔದಾರ್ಯವೂ ಇಲ್ಲ. ರೋಗದ ಮರಿ ಹೋಯಿತೆಂದು ಕೊಂಡವರು ದೂರಿದರೆ "ನಾವು ವ್ಯಾಪಾರಿಗಳಲ್ಲ" ಎನ್ನುತ್ತಾನೆ. ಮರಿಯನ್ನು ಸುಮ್ಮನೆ ಕೊಡಿ ಎಂದರೆ "ಖರ್ಚು ಯಾರು ಕೊಡುತ್ತಾರೆ" ಎನ್ನುತ್ತಾನೆ. ಕೊಬ್ಬರಿ ಮಂಡಿಯ ಕೂಲಿಯವರ ಮಗನ ಮುಂದೆ ನಾನು ನಿಂತದ್ದು ಇದೇ ಜಾಗದಲ್ಲಿ.

ಎರಡನೆಯ ಆಕ್ಷೇಪಣೆಯನ್ನು ಹಿರಿಯ ಹೆಂಗಸರೇ ಹೆಚ್ಚಾಗಿ ಎತ್ತುತ್ತಾರೆ: "ಹೆಣ್ಣುಜೀವ, ಒಂದು ಸಲವಾದರೂ ತಾಯಾಗದಿದ್ದರೆ ಆರೋಗ್ಯ ಕೆಡುತ್ತದೆ." ಇದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಪ್ರಾಣಾಂತಕ ರೋಗದ ಭಯ ತಪ್ಪುತ್ತದೆ. ಎಳೆಯ ವಯಸ್ಸಿನಲ್ಲೇ ಮಾಡಿಸಿದರೆ ಕೆಚ್ಚಲಿನ ಗೆಡ್ಡೆಗಳ ಅಪಾಯವೂ ಬಹುಮಟ್ಟಿಗೆ ತಗ್ಗುತ್ತದೆ. ಯಾವ ವಯಸ್ಸಿನಲ್ಲಿ ಎಂಬುದನ್ನು ನಿಮ್ಮ ಪಶುವೈದ್ಯರನ್ನು ಕೇಳಿ. ನಮ್ಮ ಹೆಣ್ಣುಮಕ್ಕಳ ಬಗ್ಗೆ ಇಂಥ ಮಾತುಗಳನ್ನು ಎಷ್ಟೋ ಕಾಲ ಆಡಿ ಈಗಷ್ಟೇ ನಿಲ್ಲಿಸುತ್ತಿದ್ದೇವೆ. ಅವನ್ನು ನಾಯಿಯ ಮೇಲೆ ಹೊರಿಸುವುದು ಬೇಡ.

ಮೂರನೆಯದು: "ನಮ್ಮ ಮರಿಗಳು ಒಳ್ಳೆಯ ಮನೆಗಳಿಗೇ ಹೋಗುತ್ತವೆ." ಕೊಡುವಾಗ ಎಲ್ಲ ಮನೆಯೂ ಒಳ್ಳೆಯದೇ. ದುಡ್ಡು ಹಿಡಿದು ನಿಂತವರನ್ನು 'ಹಗಲೆಲ್ಲ ಮನೆಯಲ್ಲಿ ಯಾರಿರುತ್ತಾರೆ, ಬಾಡಿಗೆ ಮನೆಯೇ, ಮುಂದಿನ ವರ್ಷ ವಿದೇಶಕ್ಕೆ ಹೋಗುವವರೇ' ಎಂದು ಕೇಳಿ, ಸರಿಯೆನಿಸದಿದ್ದರೆ ಬರಿಗೈಯಲ್ಲಿ ಕಳುಹಿಸುವ ಧೈರ್ಯ ನಿಮಗಿದೆಯೇ? ಇದ್ದರೆ ಲೆಕ್ಕ ಗಿಟ್ಟುವುದಿಲ್ಲ. ಲೆಕ್ಕ ಗಿಟ್ಟಬೇಕಾದರೆ ಆ ಪ್ರಶ್ನೆಗಳನ್ನು ಕೇಳುವಂತಿಲ್ಲ. ನಾನು ಕೇಳಲಿಲ್ಲ.

ನಾಲ್ಕನೆಯದು ನಿಜವಾದ ಸಂಕಟ: "ಸಂಬಳ ಸಾಲದು ಸಾರ್, ನಿವೃತ್ತಿಯ ಮೇಲೆ ಪಿಂಚಣಿ ಸಾಲದು, ಪ್ರಾಣಿಯನ್ನು ಪ್ರೀತಿಸುವ ಹಕ್ಕು ಶ್ರೀಮಂತರಿಗೆ ಮಾತ್ರವೇ?" ಖಂಡಿತ ಅಲ್ಲ. ಆದರೆ ಕೊರತೆಯನ್ನು ತುಂಬುವ ದಾರಿ ಆದಾಯ ಹುಟ್ಟಿಸುವುದೊಂದೇ ಅಲ್ಲ, ಖರ್ಚು ತಗ್ಗಿಸುವುದೂ ಒಂದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಾಯಿಯ ಹಾಸಿಗೆಗೂ ಸಲ್ಲುತ್ತದೆ. ಹಿಮದ ನಾಡಿನ ಹಸ್ಕಿಯನ್ನು ತಂದು ಹಗಲಿರುಳು ಹವಾನಿಯಂತ್ರಣ ಹಾಕಿ, ಆಮೇಲೆ ವಿದ್ಯುತ್ತಿನ ಬಿಲ್ಲಿಗೆಂದು ಅದರ ಮರಿ ಮಾರುವ ಬದಲು, ನಮ್ಮ ಬೀದಿಯಲ್ಲೇ ಹುಟ್ಟಿದ ಒಂದು ಮರಿಯನ್ನು ಮನೆಗೆ ಕರೆದುಕೊಳ್ಳಿ. ನಮ್ಮ ಬಿಸಿಲಿಗೂ ಮಳೆಗೂ ಹೊಂದಿಕೊಂಡ ಜೀವ ಅದು. ಲಸಿಕೆಗೂ ಚಿಕಿತ್ಸೆಗೂ ಸರಕಾರಿ ಪಶು ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆಯನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ಆಹಾರದ ಬಗ್ಗೆ ವೈದ್ಯರನ್ನು ಕೇಳಿ ಮನೆಯಲ್ಲೇ ಅನ್ನ, ಮೊಟ್ಟೆ, ಮಾಂಸ ಬೇಯಿಸಿ ಹಾಕಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಮಾತ್ರ ಬೇಡ, ಅವು ನಾಯಿಗೆ ವಿಷ.

ಹವ್ಯಾಸದಿಂದ ಒಂದಿಷ್ಟು ಹಣ ಬರಲೇಬೇಕೆಂದಿದ್ದರೆ, ಅದು ನಿಮ್ಮ ಮೈಯ ದುಡಿಮೆಯಿಂದ ಬರಲಿ, ಪ್ರಾಣಿಯ ಮೈಯಿಂದ ಬೇಡ. ನೆರೆಹೊರೆಯವರು ಊರಿಗೆ ಹೋದಾಗ ಅವರ ನಾಯಿಯನ್ನು ನೋಡಿಕೊಳ್ಳಿ; ಬೆಳಗ್ಗೆ ನಿಮ್ಮದರ ಜೊತೆ ಅವರದನ್ನೂ ವಾಯುವಿಹಾರಕ್ಕೆ ಕರೆದೊಯ್ಯಿರಿ; ಅದಕ್ಕೆ ಪ್ರತಿಫಲ ಪಡೆಯುವುದರಲ್ಲಿ ಯಾವ ನಾಚಿಕೆಯೂ ಇಲ್ಲ. ಮೀನು ಸಾಕುವವರ ಗಾಜಿನ ತೊಟ್ಟಿಯಲ್ಲಿ ವ್ಯಾಲಿಸ್ನೇರಿಯಾದಂಥ ನೀರಿನ ಗಿಡಗಳು ಬಳ್ಳಿಯಂತೆ ಕವಲೊಡೆದು ತಾವೇ ಹೆಚ್ಚುತ್ತವೆ. ಹೆಚ್ಚಾದುದನ್ನು ಕಿತ್ತು ಮಾರಿ ಮೀನಿನ ಆಹಾರ ಕೊಳ್ಳಬಹುದು. ಗಿಡಕ್ಕೂ ನೋವಿಲ್ಲ, ಮೀನಿಗೂ ನೋವಿಲ್ಲ. ಗಪ್ಪಿ ಮೀನು ಮಾತ್ರ ನೀವು ಬೇಡವೆಂದರೂ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ತೊಟ್ಟಿ ಇರುವ ಸ್ನೇಹಿತರಿಗೆ ಕೊಡಿ, ಅಥವಾ ಗಂಡು ಹೆಣ್ಣುಗಳನ್ನು ಬೇರೆಯಿಡಿ. ಹೆಚ್ಚಾಯಿತೆಂದು ಊರ ಕೆರೆಗೆ ಸುರಿಯಬೇಡಿ; ಪರದೇಶದ ಮೀನು ನಮ್ಮ ಕೆರೆಯ ಮೀನಿನ ಅನ್ನ ಕಸಿಯುತ್ತದೆ. ನಮ್ಮ ನಾಡಿನ ಗಿಳಿಯನ್ನಾಗಲಿ ನಕ್ಷತ್ರ ಆಮೆಯನ್ನಾಗಲಿ ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅಲ್ಲಿ ಲಾಭನಷ್ಟದ ಮಾತೇ ಏಳುವುದಿಲ್ಲ.

ಇಷ್ಟರ ಮೇಲೂ 'ಖರ್ಚು' ಎಂಬ ಪದ ನಿಮ್ಮನ್ನು ಕಾಡಿದರೆ ಒಂದು ಮಾತು ಕೇಳುತ್ತೇನೆ. ನಾವು ಸಂಗೀತ ಕಚೇರಿಗೆ ಹೋಗುತ್ತೇವೆ, ಪುಸ್ತಕ ಕೊಳ್ಳುತ್ತೇವೆ, ಮೊಮ್ಮಗುವನ್ನು ಜಾತ್ರೆಗೆ ಕರೆದೊಯ್ಯುತ್ತೇವೆ. ಆ ದುಡ್ಡು ಯಾವಾಗ ವಾಪಸು ಬರುತ್ತದೆಂದು ಕೇಳುವುದಿಲ್ಲ. ಆ ಹೊತ್ತಿನ ಸಂತೋಷದಲ್ಲಿ ಅದು ಅಲ್ಲಿಗಲ್ಲಿಗೇ ಸಂದಾಯವಾಗಿರುತ್ತದೆ. ಸಂಜೆ ನೀವು ಮನೆಯ ಗೇಟು ತೆಗೆಯುವಾಗ ಬಾಲವಾಡಿಸುತ್ತ ಓಡಿಬರುವ ಜೀವ ಅಂದಿನ ಬಾಕಿಯನ್ನು ಅಂದೇ ತೀರಿಸಿದೆ. ಅದರ ಮೇಲೆ ಬಡ್ಡಿ ಕೇಳುವುದು ಬೇಡ.

ಮಕ್ಕಳೆದುರು ನಾವು ಮಾಡುವ ಲೆಕ್ಕಗಳನ್ನು ಮಕ್ಕಳು ಮರೆಯುವುದಿಲ್ಲ. ಉಣ್ಣಿಸಿದ್ದಕ್ಕೆ ಪ್ರತಿಯಾಗಿ ದುಡಿದು ಕೊಡಬೇಕೆಂಬ ಪಾಠವನ್ನು ಒಂದು ಮಗು ನಾಯಿಯ ವಿಷಯದಲ್ಲಿ ಕಲಿತರೆ, ಮುಂದೆ ಅದೇ ಸೂತ್ರವನ್ನು ಮನೆಯಲ್ಲಿ ದುಡಿಯಲಾಗದ ಮುದುಕರಿಗೂ ಅನ್ವಯಿಸಬಹುದು. ಪಿಂಚಣಿದಾರನಾದ ನನಗೆ ಈ ಭಯ ಸ್ವಲ್ಪ ಸ್ವಾರ್ಥದ್ದೂ ಹೌದು!

ಆ ಶಿಷ್ಯರು ಏನು ತೀರ್ಮಾನಿಸಿದರೆಂದು ನಿಮಗೆ ಕುತೂಹಲವಿರಬಹುದು. "ಯೋಚನೆ ಮಾಡುತ್ತೇನೆ ಸಾರ್" ಎಂದಿದ್ದಾರೆ. ಅಷ್ಟು ಸಾಕು, ತರಗತಿಯಲ್ಲಿಯೂ ನಾನು ಅದಕ್ಕಿಂತ ಹೆಚ್ಚಿನದನ್ನು ಅವರಿಂದ ನಿರೀಕ್ಷಿಸುತ್ತಿರಲಿಲ್ಲ. ಅವರ ಮಗಳಿಗೆ ಮಾತ್ರ ನಾನೊಂದು ಉತ್ತರ ಬಾಕಿ ಉಳಿಸಿಕೊಂಡಿದ್ದೇನೆ: ಇಲ್ಲಮ್ಮ, ಮಾರಬಾರದು. ನಿನ್ನ ಪ್ರಶ್ನೆಯೇ ಸರಿ, ನಮ್ಮ ಲೆಕ್ಕವೇ ತಪ್ಪು.

ಕೊನೆಯದಾಗಿ ಇನ್ನೊಂದು ಮಾತು. 1986ರಿಂದ 1988ರವರೆಗೆ ತಿಪಟೂರಿನಲ್ಲಿ ನನ್ನಿಂದ ಹಕ್ಕಿಮರಿ ಕೊಂಡ ಮನೆಗಳ ಮಕ್ಕಳಲ್ಲಿ ಕೆಲವರಾದರೂ ಇದನ್ನು ಓದುತ್ತಿರಬಹುದು. ನಿಮ್ಮ ತಂದೆತಾಯಿಯರು ಅಂದು ಇಲ್ಲವೆನ್ನಲಾಗದೆ ಕೊಂಡರೆಂದು ನನಗೆ ಆಗಲೂ ಗೊತ್ತಿತ್ತು. ಕ್ಷಮೆ ಕೇಳುತ್ತೇನೆ. ಬುಟ್ಟಿಯಲ್ಲಿ ಮರಿ ಒಯ್ದ ಆ ಹುಡುಗ ಈಗ ಐವತ್ತರ ಹತ್ತಿರದವನಾಗಿರಬೇಕು. ಎಲ್ಲಿದ್ದರೂ ಅವನು ಒಮ್ಮೆ ಮನೆಗೆ ಬರಲಿ. ಅವನ ತಂದೆಯ ದುಡ್ಡು ನನ್ನಲ್ಲಿದೆ.